ಗೊಂಬೆಯ ಗಂಟಲು

ಎದೆ ಒತ್ತಿ ಜೀವ ಉಳಿಸುವ ಪರೀಕ್ಷೆಯಲ್ಲಿ ನರ್ಸಮ್ಮ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ತುರ್ತು ವಾರ್ಡು ಬಿಟ್ಟು ಬೆಡ್‌ಶೀಟಿನ ಉಗ್ರಾಣಕ್ಕೆ ನಡಿ ಎಂದು ಮೇಟ್ರನ್ ಹೇಳಿಯಾಗಿತ್ತು.

ರೋಗಿ ಎಂದರೆ ಒಂದು ರಬ್ಬರ್ ಗೊಂಬೆ. ಸೊಂಟದಿಂದ ಕೆಳಗೆ ಏನೂ ಇಲ್ಲ, ಆದರೆ ಮುಖದಲ್ಲಿ ಗತ್ತಿಗೇನೂ ಕೊರತೆಯಿಲ್ಲ. ಬೆಳಿಗ್ಗೆಯಿಂದ ಅದು ಯಾರ ಕೈಯಲ್ಲೂ ಬದುಕಿರಲಿಲ್ಲ. ಎಷ್ಟು ಬೆವರು ಸುರಿಸಿ ಒತ್ತಿದರೂ, ಮಾಸ್ಕ್ ಹಿಡಿದು ಗಾಳಿಚೀಲ ಹಿಂಡಿದರೂ ಎದೆ ಮೇಲೇಳದು. "ತೀರಿಕೊಂಡ್ರು. ಮುಂದಿನವರು ಬನ್ನಿ" ಎಂದು ಪರೀಕ್ಷಕರು ಆಕಳಿಸುತ್ತ ಫೇಲು ಮಾಡಿ ಕಳಿಸುತ್ತಿದ್ದರು.

ನರ್ಸಮ್ಮನೂ ಒತ್ತಿದಳು, ಹಿಂಡಿದಳು. ಎದೆ ಜಪ್ಪಯ್ಯ ಅನ್ನಲಿಲ್ಲ. ಅವಳಿಗೆ ಮನೆಯಲ್ಲಿರುವ ಅತ್ತೆಯ ನೆನಪಾಯಿತು. ಮಾತ್ರೆ ನುಂಗಿದೆ ಎಂದು ಆಣೆ ಮಾಡಿ ದವಡೆಯಲ್ಲಿ ಬಚ್ಚಿಟ್ಟುಕೊಳ್ಳುವ ಘಾಟಿ ಅತ್ತೆ.

"ಎಲ್ಲಿ, ಬಾಯಿ ತೆಗೀರಿ ನೋಡೋಣ" ಎಂದು ಅಭ್ಯಾಸಬಲದಿಂದ ಗೊಂಬೆಯ ದವಡೆ ಅಗಲಿಸಿದಳು. ಗಂಟಲಲ್ಲಿ ನೀಲಿ ಪೆನ್ನಿನ ಮುಚ್ಚಳ. ಚಿಮಟದಿಂದ ಎಳೆದು, ತಲೆ ಹಿಂದಕ್ಕೆ ಬಾಗಿಸಿ ಚೀಲ ಹಿಂಡಿದಾಗ ಎದೆ ಸೊಗಸಾಗಿ ಉಬ್ಬಿತು.

"ಏನ್ರಿ ಮಾಡಿದ್ರಿ?" ಪರೀಕ್ಷಕರು ಎದ್ದು ನಿಂತರು.

"ಉಸಿರು ಹೋಗ್ತಿದೆ ಸಾರ್."

"ಅದೇ ತಪ್ಪು. ಇವತ್ತಿನ ಪ್ರಶ್ನೆ ಹೃದಯ ನಿಂತಿದ್ದು. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಮುಂದಿನ ತಿಂಗಳ ಪಾಠ."

"ಅಲ್ಲಿವರೆಗೂ ಇವರು ತಡೀಬೇಕಲ್ಲ ಸಾರ್."

"ಬೆಳಿಗ್ಗೆಯಿಂದ ಫೇಲಾದವರ ಗತಿ? ಎಲ್ರಿಗೂ ಒಂದೇ ನ್ಯಾಯ. ಅದನ್ನ ಎಲ್ಲಿತ್ತೋ ಅಲ್ಲೇ ಇಟ್ಬಿಡಿ ತಾಯಿ, ನಿಮ್ಮನ್ನ ಪಾಸು ಮಾಡ್ತೀನಿ. ಉಳಿದವರದ್ದು ಕೆದಕೋದು ಬೇಡ."

ನರ್ಸಮ್ಮನ ಕಣ್ಣ ಮುಂದೆ ಬೆಡ್‌ಶೀಟುಗಳ ರಾಶಿ ಸುಳಿಯಿತು. ಮುಚ್ಚಳವನ್ನು ಗೊಂಬೆಯ ತುಟಿಯವರೆಗೆ ಒಯ್ದಳು. ಕೈ ಮುಂದೆ ಹೋಗಲಿಲ್ಲ.

"ಈಗಷ್ಟೇ ಸುಧಾರಿಸ್ಕೊಂಡಿದಾರೆ. ನನ್ನ ಕೈಲಾಗಲ್ಲ ಸಾರ್, ನೀವೇ ಇಡಿ."

"ಅದಕ್ಕೇನಂತೆ" ಎಂದು ಪರೀಕ್ಷಕರು ಮುಚ್ಚಳ ಇಸಿದುಕೊಂಡು, ಅಂಗಿಯ ತೋಳು ಮಡಿಸಿ ಬಗ್ಗಿದರು. ಗೊಂಬೆ ಅವರನ್ನೇ ನೋಡುತ್ತಿತ್ತು. ಬೆಳಿಗ್ಗೆಯಿಂದ ಒಂದಿಷ್ಟೂ ಅಳುಕದೆ ಅದನ್ನು ಸಾಯಿಸುತ್ತ ಬಂದ ಮನುಷ್ಯ ಈಗ ಬಗ್ಗಿದವರು ಬಗ್ಗಿಯೇ ಇದ್ದರು. ಕೊನೆಗೆ ಅದರ ಕುತ್ತಿಗೆಯನ್ನು ಇನ್ನಷ್ಟು ಸರಿಯಾಗಿ ಬಾಗಿಸಿ, ಮುಚ್ಚಳ ಜೇಬಿಗಿಳಿಸಿದರು.

"ಎಲ್ರನ್ನೂ ವಾಪಸ್ ಕರೀಬೇಕಾಯ್ತಲ್ರಿ" ಎಂದರು ಸೋತ ದನಿಯಲ್ಲಿ.

"ನಾನು ಹೋಗಿ ಕರೀಲಾ?"

"ನೀವು ಹೋದ್ರೆ ಇವರನ್ನ ನೋಡ್ಕೊಳ್ಳೋರು ಯಾರು? ಹೃದಯ ಇನ್ನೂ ಶುರುವಾಗಿಲ್ಲ, ಒತ್ತಿ."

ನರ್ಸಮ್ಮ ಒತ್ತತೊಡಗಿದಳು. ಉಳಿದವರನ್ನು ಕರೆಯಲು ಬಾಗಿಲ ಹತ್ತಿರ ಹೋದ ಪರೀಕ್ಷಕರನ್ನು ತಡೆದು, ಏದುಸಿರಿನಲ್ಲೇ ಕೇಳಿದಳು: "ನಾನು ಪಾಸಾ ಸಾರ್?"

"ಅದನ್ನೆಲ್ಲ ರೋಗಿ ಎದುರಿಗೆ ಕೇಳ್ಬಾರದು" ಎಂದರು ಪರೀಕ್ಷಕರು, ದನಿ ತಗ್ಗಿಸಿ. "ತುರ್ತು ವಾರ್ಡಲ್ಲಿ ಇರೋರು ನೀವು, ಅಷ್ಟೂ ಗೊತ್ತಾಗ್ಬೇಡ್ವೇ?"