ಮೇಘನಳ ನಂಬರು

ನೇತ್ರಾಣಿ ದ್ವೀಪದ ಕಡಲಿಗಿಳಿದು ಮೀನು ನೋಡಬೇಕೆಂದು ಗಂಡನ ಬೆನ್ನುಬಿದ್ದವಳು ಮೇಘನಳೇ. ಈಗ ಶ್ರೀರಂಗಪಟ್ಟಣದಲ್ಲಿ ಜಹೀರುದ್ದೀನ್ ಸಾಹೇಬರ ಕನ್ನಡಕದ ಅಂಗಡಿಯಲ್ಲಿ ಕೂತು ಬೆವರುತ್ತಿದ್ದವಳೂ ಅವಳೇ.

"ಕನ್ನಡಕದ ಮೇಲೆ ಡೈವಿಂಗ್ ಮಾಸ್ಕ್ ಕೂರಲ್ಲ ಬೇಟಿ, ಕಡ್ಡಿ ಸಂದೀಲಿ ನೀರು ನುಗ್ತದೆ. ಮಾಸ್ಕಿಗೇ ಪವರ್ ಗ್ಲಾಸ್ ಕೂರಿಸ್ಬೇಕು. ನಂಬರ್ ಹೇಳು, ಮೈಸೂರಿಂದ ತರಿಸ್ತೀನಿ" ಎಂದರು ಸಾಹೇಬರು.

"ನಾನು ದಿನಾ ಆಕೋ ಲೆನ್ಸೇ ಸಾಕು ಬುಡಿ."

"ಮಾಸ್ಕೊಳಗೆ ನೀರು ಬಂದ್ರೆ ಲೆನ್ಸ್ ಕೊಚ್ಕೊಂಡು ಹೋಗ್ತದೆ. ಆಮೇಲೆ ಮೀನು ಯಾವ್ದು, ಮನುಷ್ಯ ಯಾವ್ದು ಅಂತ ಮುಟ್ಟಿ ನೋಡ್ಬೇಕಾಯ್ತದೆ!"

ನಂಬರೊಂದನ್ನು ಬಿಟ್ಟು ಬೇರೇನು ಕೇಳಿದ್ದರೂ ಹೇಳಿಬಿಡುತ್ತಿದ್ದಳು. ಪಕ್ಕದಲ್ಲೇ ಗಂಡ ಸಿದ್ದಾರ್ಥ ಕೂತಿದ್ದ. ಹೆಂಡತಿಗಿರುವುದು ಚಿಲ್ಲರೆ ನಂಬರು, ಲೆನ್ಸ್ ಹಾಕುವುದು ಬರೀ ಶೋಕಿಗೆ ಎಂದು ನಂಬಿದ್ದ ಪುಣ್ಯಾತ್ಮ.

ಪಾಂಡವಪುರದಿಂದ ಅವನು ಹೆಣ್ಣು ನೋಡಲು ಅಕ್ಕಿಹೆಬ್ಬಾಳಿಗೆ ಬಂದ ದಿನ ಚಿಕ್ಕಮ್ಮ ಅವಳ ಕನ್ನಡಕ ಕಿತ್ತಿಟ್ಟುಕೊಂಡಿದ್ದಳು. ಲೆನ್ಸ್ ಆಗಿನ್ನೂ ತಂದಿರಲಿಲ್ಲ. ಮೊದಲೇ ಬಂದಿದ್ದ ಫೋಟೋದಲ್ಲಾದರೋ ಟೋಪಿ, ಕೂಲಿಂಗ್ ಗ್ಲಾಸು ಬಿಟ್ಟರೆ ವರ ಕಾಣುತ್ತಲೇ ಇರಲಿಲ್ಲ. ಮದುವೆಯಾದಾಗಿನಿಂದ ಸಿದ್ದಾರ್ಥ, "ನೋಡಿದ್ ತಕ್ಷಣ ಒಪ್ಕಂಡ್ಬುಟ್ಲು" ಎಂದು ಕಂಡಕಂಡವರ ಮುಂದೆಲ್ಲ ಮೆರೆಯುತ್ತಿದ್ದ. ನಂಬರು ಹೇಳಿದರೆ ಪಾಪ, ಅವನ ಆ ಸಂತೋಷಕ್ಕೇ ಕಲ್ಲು ಬೀಳುತ್ತಿತ್ತು. ಸುಳ್ಳು ಹೇಳಿದರೆ ಕಡಲೆಲ್ಲ ಬರೀ ಮಸುಕು. ಕೊನೆಗೆ ಮೀನಿನ ಆಸೆಯೇ ಗೆದ್ದಿತು.

"ಮೈನಸ್ ಆರು" ಎಂದಳು, ಗೋಡೆ ನೋಡುತ್ತ.

ಸಿದ್ದಾರ್ಥ ಅವಳ ಬ್ಯಾಗಿನಲ್ಲಿದ್ದ ಕನ್ನಡಕ ತೆಗೆದು ತಾನು ಹಾಕಿಕೊಂಡವನೇ "ಅಯ್ಯಪ್ಪಾ!" ಎಂದು ಮೇಜು ಹಿಡಿದುಕೊಂಡ.

"ಅವತ್ತು ಕಾಪಿ ಕೊಡಕ್ಕೆ ಬಂದಾಗ ಇದ್ನ ಆಕಿರ್ಲಿಲ್ವಲ್ಲೇ? ಮತ್ತೆ ಏನ್ ನೋಡಿ ಒಪ್ಕಂಡೆ?"

"ಬಾಗ್ಲತ್ರ ಕೂತಿತ್ತಲ್ಲಾ, ನೀಲಿ ಶರ್ಟು... ಗತ್ತಾಗಿ ಕಾಣ್ತು ಕಣ್ರೀ."

"ಅದು ನಮ್ಮ ಅಶೋಕ್ ಭಾವ ಕಣೇ! ಎರಡು ಮಕ್ಳ ತಂದೆ!"

ಸಾಹೇಬರು ಗಾಜು ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಗಂಡನ ಮುಖ ಸಪ್ಪಗಾದದ್ದು ಕಂಡು ಮೇಘನ ಅವನತ್ತ ತಿರುಗಿ ಕೂತಳು.

"ನಿಶ್ಚಿತಾರ್ಥದ ದಿನ ಲೆನ್ಸ್ ಆಕಿದ್ದೆ. ನಿಮ್ಮನ್ನ ನೆಟ್ಟಗೆ ನೋಡ್ದೆ. ಬ್ಯಾಡ ಅನ್ಬೋದಾಗಿತ್ತು, ಅನ್ಲಿಲ್ಲ" ಎಂದಳು.

ಸಿದ್ದಾರ್ಥನ ಕಿವಿ ಕೆಂಪಾಯಿತು. ನಗು ತಡೆದುಕೊಳ್ಳಲು ಮೀಸೆ ಉಜ್ಜಿಕೊಂಡ.

"ನೀರೊಳಗೆ ಎಲ್ಲಾ ಒಸಿ ದೊಡ್ಡದಾಗೇ ಕಾಣ್ತದೆ. ಐದೂವರೆ ಹಾಕಿದ್ರೂ ನಡೀತದೆ" ಎಂದರು ಸಾಹೇಬರು.

"ಬ್ಯಾಡಿ ಸಾಬ್ರೇ, ಪೂರ್ತಿ ಆರೇ ಆಕ್ಸಿ" ಎಂದ ಸಿದ್ದಾರ್ಥ. "ಅಲ್ಲಿ ಎಲ್ಲಾರ್ಗೂ ಒಂದೇ ತರ ಬಟ್ಟೆ. ಇವ್ಳು ಇನ್ಯಾವನ್ದಾದ್ರೂ ಕೈ ಇಡ್ಕಂಡು ಒಂಟೋದ್ರೆ ನಾನೇನ್ ಮಾಡ್ಲಿ?"