ಅರ್ಧ ಬಟ್ಟಲು ಚಹಾ

ಎರಡು ಬಕೆಟ್ ಹಿಡಿದು ಎರ್ಮೆಕ್ ಹಿತ್ತಲ ಕಾಲುವೆಯತ್ತ ಓಡಿದ. ಒಳಗೆ ಹೆಂಗಸರು ಅವನ ತಾಯಿ ಸುಯುಮ್‌ಕಾನಳ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ನೀರು ಸಾಲದೆಂದು ಯಾರೋ ಕೂಗಿದ್ದರು. ನೀರೆಂದರೆ ಚಿಕ್ಕಂದಿನಿಂದಲೂ ಅವನ ಕಾಲು ತಾನಾಗಿ ಅತ್ತಲೇ ಹೋಗುತ್ತಿತ್ತು. ದಂಡೆಯಲ್ಲಿ ಬಗ್ಗಿದ ಮೇಲೆ ಕಂಡದ್ದು ಬಿರುಕುಬಿಟ್ಟ ಕೆಸರು, ಅದರಲ್ಲಿ ಹೂತುಹೋದ ಒಂದು ರಬ್ಬರ್ ಚಪ್ಪಲಿ.

ಅಂಗಳದಲ್ಲಿ ಕೂತಿದ್ದ ಗಂಡಸರೆಲ್ಲ ನೋಡುತ್ತಿದ್ದರು.

"ಏನಪ್ಪಾ, ಮರ್ತೇಬಿಟ್ಯಾ?" ಎಂದ ಪಕ್ಕದ ಮನೆಯ ಮುದುಕ ಮಮಾಸಾಲಿ. "ಮೇಲೆ ಅಣೆಕಟ್ಟಲ್ಲಿ ಗೇಟು ಹಾಕಿದೋನು ನೀನೇ ಅಲ್ವಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಎರ್ಮೆಕ್‌ಗೆ. "ಮೇಲಿನೋರ ಆರ್ಡರ್ ಅಜ್ಜಾ. ಈಗ ತುಂಬಿಸ್ಕೊಳ್ದಿದ್ರೆ ಚಳಿಗಾಲಕ್ಕೆ ಕರೆಂಟಿರಲ್ಲ."

"ಆಗ್ಲಪ್ಪಾ. ಚಳಿಗಾಲದಲ್ಲಿ ದೀಪ ಹಾಕ್ಕೊಂಡು, ಒಣಗಿದ ಜೋಳ ನೋಡ್ತಾ ಕೂರ್ತೀವಿ."

ಯಾರೋ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿ ನಗು ಮುಚ್ಚಿಕೊಂಡರು. ಅಷ್ಟರಲ್ಲಿ ಮಮಾಸಾಲಿಯ ಹೆಂಡತಿ ಬಾತ್ಮಾ ತನ್ನ ಮನೆಯಿಂದ ಒಂದು ಕೊಡ ತಂದಳು. ಆಮೇಲೆ ಉಳಿದ ಮನೆಗಳಿಂದಲೂ ಕೆಟಲು, ಹಾಲಿನ ಕ್ಯಾನು, ಸಿಕ್ಕಿದ್ದರಲ್ಲಿ ನೀರು ಬಂತು. ತಂದವರು ಯಾರೂ ಅವನ ಮುಖ ನೋಡಲಿಲ್ಲ.

*

ಹಿಂದೊಂದು ವಸಂತದಲ್ಲಿ ಬೆಟ್ಟದ ಹಿಮವೆಲ್ಲ ಒಟ್ಟಿಗೇ ಕರಗಿತ್ತು. ಎರ್ಮೆಕ್ ಕಣ್ಣು ಮುಚ್ಚದೆ ಗೇಟಿನ ಬಳಿ ನಿಂತು, ನೀರನ್ನು ಸ್ವಲ್ಪಸ್ವಲ್ಪವೇ ಬಿಟ್ಟು ಊರನ್ನು ಉಳಿಸಿದ್ದ. ಮನೆಗೆ ಬಂದಾಗ ಸುಯುಮ್‌ಕಾನ್ ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದಳು.

"ನನ್ನ ಮಗ ನದೀನ ಕುತ್ತಿಗೆ ಪಟ್ಟಿ ಹಿಡ್ದು ನಿಲ್ಸಿದ ಕಣ್ರೇ!"

"ಇನ್ಮೇಲೆ ಅವ್ನು ನಿನ್ನ ಮಗ ಅಲ್ಲ, ಊರ ಮಗ," ಎಂದಿದ್ದಳು ಬಾತ್ಮಾ.

ತಾಯಿ ಅವನಿಗೆ ಅರ್ಧರ್ಧ ಬಟ್ಟಲು ಚಹಾ ಸುರಿದು, ಮತ್ತೆ ಸುರಿದು, ಸಂಜೆಯವರೆಗೂ ಏಳಗೊಡಲಿಲ್ಲ. ಆ ಕಡೆ ಬಟ್ಟಲು ತುಂಬಿಸಿ ಕೊಡುವುದು ಬೇಡದ ನೆಂಟನಿಗೆ, ಕುಡಿದು ಹೊರಡು ಎನ್ನಲು.

*

"ಎಂಥ ಹೆಂಗಸಾಗಿದ್ಲು?" ಎಂದು ಹೂಳುವ ಮುನ್ನ ರೂಢಿಯಂತೆ ಇಮಾಮ್ ಕೇಳಿದಾಗ ನೆರೆದವರೆಲ್ಲ ಒಂದೇ ದನಿಯಲ್ಲಿ "ಒಳ್ಳೇ ಹೆಂಗಸು" ಎಂದರು. ಮಣ್ಣು ಮಾಡಿ ಬಂದು ಕೂತಾಗ ಬಾತ್ಮಾ ಚಹಾದ ಕೆಟಲು ತಂದಳು.

"ಈ ನೀರು ನಿಮ್ಮಮ್ಮಂದು. ಸ್ನಾನಕ್ಕೂ ಮುಟ್ಟೋಕೆ ಬಿಡ್ಲಿಲ್ಲ ನಾನು. ಟ್ಯಾಂಕರ್ ಬಂದ್ರೆ ಎಲ್ರಿಗಿಂತ ಹಿಂದೆ ನಿಲ್ಲೋಳು. ಗೇಟಿನೋನ ತಾಯಿ ಮುಂದೆ ನುಗ್ಗಿದ್ಲು ಅಂತ ಯಾರೂ ಆಡ್ಕೋಬಾರ್ದಂತೆ. ಸಿಕ್ಕೋದೇ ಅರ್ಧ ಬಕೆಟ್ಟು. ಅದ್ರಲ್ಲೂ ಒಂದು ಕೆಟಲು ಎತ್ತಿಡೋಳು, ಮಗ ಬಂದ್ರೆ ಚಹಾಕ್ಕೆ ಬೇಕು ಅಂತ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಜ್ಜೀ?"

"ನೀನು ಬಂದಿದ್ರೆ ಹೇಳ್ತಿದ್ಲು."

ಗೇಟು ಹಾಕಿದ ಮೇಲೆ ಊರವರಿಗೆ ಮುಖ ತೋರಿಸಲು ನಾಚಿ ಅವನು ಬಂದೇ ಇರಲಿಲ್ಲ. ಬಟ್ಟಲು ಮುಂದೆ ಹಿಡಿದ.

ಬಾತ್ಮಾ ಸುರಿದಳು. ಚಹಾ ಅರ್ಧಕ್ಕೆ ಬಂತು. ಅವಳ ಕೈ ನಿಲ್ಲಲಿಲ್ಲ. ಮಮಾಸಾಲಿ ಮುಖ ಅತ್ತ ತಿರುಗಿಸಿಕೊಂಡ. ಬಟ್ಟಲಿನ ಅಂಚು ಮುಟ್ಟಿದ ಮೇಲೆ ಅವಳು ಕೆಟಲು ಕೆಳಗಿಟ್ಟಳು.

ಎರ್ಮೆಕ್ ಎರಡೂ ಕೈಯಲ್ಲಿ ಅದನ್ನು ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ ಕೂತ.