ಕಂಬಳಿಯ ಮೇಲಿನ ಟ್ರೆಡ್‌ಮಿಲ್

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ರಸ್ತೆಗಳಲ್ಲಿ ಬೆಳಗಿನ ಹೊತ್ತು ಮುದುಕರಿಗೆ ಜಾಗವಿರುವುದಿಲ್ಲ. ಒಂದರ ಹಿಂದೊಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡೆರಡು ಟ್ರೇಲರ್, ಮೇಲೆ ಮನೆಯೆತ್ತರ ಕಬ್ಬು. ಸುಂದರವ್ವನಿಗೆ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ದಿನಾ ನಡೆಯಲೇಬೇಕು, ಆದರೆ ಈ ರಸ್ತೆಯಲ್ಲಿ ಬೇಡ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ಮಗ ಭೀಮಶಿ ಮನೆಗೊಂದು ಟ್ರೆಡ್‌ಮಿಲ್ ತಂದ.

ನಿಂತಲ್ಲೇ ನಡೆಯುವ ಯಂತ್ರವೆಂದರೆ ಸುಂದರವ್ವನಿಗೆ ನಗು. ತೀರಿಹೋದ ಗಂಡ ಸಿದರಾಯನ ಜೊತೆ ಕುರಿಹಿಂಡಿನ ಬೆನ್ನಿಗೆ ಊರೂರು ನಡೆದವಳು ಅವಳು.

"ಹಿಂದ ಕುರಿ ಇಲ್ಲ, ಮುಂದ ದಾರಿ ಇಲ್ಲ. ಎಲ್ಲಿಗಂತ ನಡೀಲಿ?" ಎಂದಳು.

"ನಿಮ್ಮ ಹಳೇ ಊರಿಗೆ ನಡಿ ಆಯಿ," ಎಂದಳು ಮೊಮ್ಮಗಳು ವೈಶಾಲಿ.

ಹಳೆಯ ಊರು ಬೀಳಗಿ ತಾಲ್ಲೂಕಿನ ಹೊಳೆದಂಡೆಯಲ್ಲಿತ್ತು. ಡ್ಯಾಮಿನ ಹಿನ್ನೀರು ಬಂದಾಗ ಮುಳುಗಡೆಯಾಯಿತು. ಆಗ ವೈಶಾಲಿ ತೊಟ್ಟಿಲ ಕೂಸು. ಆ ಊರನ್ನು ಅವಳು ಅಜ್ಜಿಯ ಮಾತಿನಲ್ಲಷ್ಟೇ ನೋಡಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಸುಂದರವ್ವ ಎರಡೂ ಕೈಯಿಂದ ಕಂಬಿ ಹಿಡಿದು ಯಂತ್ರದ ಮೇಲೆ ನಿಧಾನ ನಡೆಯುವಳು. ವೈಶಾಲಿ ಪಕ್ಕದಲ್ಲಿ ನಿಂತು ಇವತ್ತು ಎಲ್ಲಿಗೆ ಬಂದೆವು ಎಂದು ಕೇಳುವಳು. ಮನೆಯ ಕಟ್ಟೆ ಇಳಿದರು. ಬೀರಪ್ಪನ ಗುಡಿಗೆ ಕೈ ಮುಗಿದರು. ಊರಬಾಗಿಲ ಅಗಸಿ ದಾಟಿ, ಸೊಪ್ಪು ಕಡಿದು ಕಡಿದು ಕುಳ್ಳಗಾಗಿದ್ದ ಜಾಲಿಮರಗಳ ನಡುವೆ ಹಾದರು. ಕುರಿದಡ್ಡಿಯ ಹತ್ತಿರ ಬಂದಾಗ ಬೆಳಗಿನ ಹಿಕ್ಕೆಯ ವಾಸನೆ ಕೂಡ ಮನೆಯೊಳಗೆ ಬಂದಂತಾಯಿತು. ಇನ್ನು ಮುಂದೆ ಹೊಳೆ. ಸಿದರಾಯ ಕುರಿಗಳ ಮೈ ತೊಳೆಯುತ್ತಿದ್ದ ಹೊಳೆ.

ಯಂತ್ರ ಕೈಕೊಟ್ಟಿದ್ದು ಅಲ್ಲಿಯೇ.

ಹೆಜ್ಜೆ ಇಟ್ಟಾಗ ಪಟ್ಟಿ ಒಂದು ಗಳಿಗೆ ಹಿಡಿದು ನಿಲ್ಲುತ್ತಿತ್ತು, ಆಮೇಲೆ ತಟ್ಟನೆ ಜಾರುತ್ತಿತ್ತು. ಮುಂದಿನ ಡಬ್ಬಿಯಿಂದ ಕೂದಲು ಸುಟ್ಟ ವಾಸನೆ. ಸ್ವಲ್ಪ ಹೊತ್ತಿಗೆ ಯಂತ್ರ ತಾನೇ ಆರಿಬಿಡುವುದು. ಒಂದು ದಿನ ಪಟ್ಟಿ ಜಗ್ಗಿದ ರಭಸಕ್ಕೆ ಸುಂದರವ್ವ ಮುಗ್ಗರಿಸಿದಳು. ವೈಶಾಲಿ ತೋಳು ಹಿಡಿಯದಿದ್ದರೆ ಮೂಳೆ ಮುರಿಯುತ್ತಿತ್ತು. ಕೆಳಗಿಳಿದವಳು ಮತ್ತೆ ಹತ್ತಲಿಲ್ಲ. ಯಂತ್ರ ಬಟ್ಟೆ ಒಣಹಾಕುವ ಗೂಟವಾಯಿತು. ಭೀಮಶಿ ಅದನ್ನು ಗುಜರಿಗೆ ಹಾಕುವ ಮಾತಾಡಿದ.

ತಿಂಗಳೊಪ್ಪತ್ತಿನಲ್ಲಿ ಸುಂದರವ್ವನ ಸಕ್ಕರೆ ಏರಿತು. ಹಿಮ್ಮಡಿಯಲ್ಲೊಂದು ಗಾಯವಾಗಿ ಬಹಳ ದಿನ ಮಾಯಲೇ ಇಲ್ಲ. ಅದು ಮಾಯ್ದ ಮೇಲೆ ಡಾಕ್ಟರು, ಮತ್ತೆ ನಡಿಗೆ ಶುರುಮಾಡಿರಿ, ಇಲ್ಲದಿದ್ದರೆ ಮುಂದೆ ಕಾಲಿಗೇ ಕುತ್ತು ಬರುತ್ತದೆ ಎಂದರು. ವೈಶಾಲಿಗೆ ನಿದ್ದೆ ಹತ್ತಲಿಲ್ಲ. ಅಜ್ಜಿಯ ಕಾಲು ನಿಂತರೆ ಆ ದಾರಿಯೂ ನಿಂತ ಹಾಗೆ. ಅದನ್ನು ಬಲ್ಲವರು ಮನೆಯಲ್ಲಿ ಬೇರೆ ಯಾರಿದ್ದಾರೆ?

ಅವಳು ಗೆಳತಿ ಪೂನಮ್‌ಗೆ ಫೋನ್ ಮಾಡಿದಳು. ಪೂನಮ್ ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಜಿಮ್ ನಡೆಸುತ್ತಿದ್ದಳು. ಭಾನುವಾರ ಬಸ್ಸಿಗೆ ಬಂದಳು. ಮನೆಗೆ ಬಂದವಳೇ ಮೊದಲು ಪ್ಲಗ್ ಕಿತ್ತಳು. ಒಳಗಿನ ಕರೆಂಟು ಪೂರಾ ಇಳಿಯಲೆಂದು ಚಹಾ ಕುಡಿಯುತ್ತ ಕಾದಳು. ಮಷೀನೇ ಖೊಟ್ಟಿ, ಕಳಪೆ ಮಾಲು ಇರುವಾಗ ಈ ಹುಡುಗಿ ಏನು ಮಾಡಿಯಾಳು ಎಂದು ಭೀಮಶಿ ಗೊಣಗಿದ್ದು ಅವಳಿಗೆ ಕೇಳಿಸಿತು. ಕೇಳಿಸದ ಹಾಗೆ ಇದ್ದಳು.

ಆಮೇಲೆ ಪಟ್ಟಿಯ ಅಂಚು ಎತ್ತಿ ಕೆಳಗೆ ಬೆರಳಾಡಿಸಿದಳು. ಬೆರಳು ಅಂಟಿಕೊಂಡಿತು.

"ಕಾಕಾ, ಇದಕ್ಕ ಏನ್ ಹಾಕೀರಿ?"

"ಔಡಲೆಣ್ಣಿ. ಕಿರ್ ಅನ್ನಾಕತ್ತಿತ್ತು. ನಮ್ಮ ಅಪ್ಪ ಬಂಡಿ ಗಾಲಿಗಿ ಅದನ್ನ ಹಾಕ್ತಿದ್ದ."

"ಅದಕ್ಕ ಎತ್ತು ಇದ್ದೂರಿ ಕಾಕಾ, ಜಗ್ಗತಿದ್ದೂ. ಇದಕ್ಕ ಬರೇ ಮೋಟಾರ್ ಐತಿ."

ಸುಂದರವ್ವ ಸೆರಗು ಬಾಯಿಗಿಟ್ಟು ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಅಡಿಗೆ ಎಣ್ಣೆ, ಔಡಲ, ಗ್ರೀಸು ಯಾವುದನ್ನೂ ಪಟ್ಟಿಗೆ ತಾಗಿಸಬಾರದು, ಅವು ಧೂಳು ಹಿಡಿದು ಅಂಟಾಗುತ್ತವೆ ಎಂದು ಪೂನಮ್ ತಿಳಿಸಿದಳು. ಇದಕ್ಕೆಂದೇ ಸಿಲಿಕೋನ್ ಎಣ್ಣೆ ಸಿಗುತ್ತದೆ. ಅದನ್ನೂ ಪಟ್ಟಿಯ ಮೇಲಲ್ಲ, ಕೆಳಗೆ, ಹಲಗೆಯ ಮೇಲೆ ಹಾಕಬೇಕು. ಅಂಟನ್ನು ಒಣಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದು, ತಾನು ತಂದ ಬಾಟಲಿಯಿಂದ ನಾಲ್ಕು ಹನಿ ಹಾಕಿದಳು.

ಸ್ಕ್ರೂ ಬಿಚ್ಚಿ ಮುಂದಿನ ಡಬ್ಬಿಯ ಮುಚ್ಚಳ ತೆಗೆದಾಗ ಎಲ್ಲರೂ ಇಣುಕಿದರು. ಮೋಟಾರಿನ ಸುತ್ತ ಕರಿಯ ನೂಲಿನ ಸಿಂಬೆ ಸುತ್ತಿಕೊಂಡು ಗೂಡು ಕಟ್ಟಿತ್ತು. ಸುಂದರವ್ವ ಬಗ್ಗಿ, ಒಂದು ಎಳೆ ಹಿಡಿದು ಬೆರಳಲ್ಲಿ ಹೊಸೆದು ನೋಡಿದಳು.

"ಇದು ನಮ್ಮ ಕಂಬಳಿ ಉಣ್ಣಿ," ಎಂದಳು.

ಹೌದು. ಯಂತ್ರ ಬಂದ ದಿನ ಅವಳೇ ಸಿದರಾಯನ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಯಂತ್ರ ಇರಿಸಿ, ಭಂಡಾರದ ಅರಿಶಿನ ಚೆಲ್ಲಿದ್ದಳು. ಕಾಲು ಕೊಡಲು ಬಂದದ್ದನ್ನು ಬರಿ ನೆಲದ ಮೇಲೆ ಕೂಡಿಸುವುದು ಹೇಗೆ? ಅವರ ಮನೆತನದಲ್ಲಿ ದೇವರು ಕೂಡುವುದೇ ಕಂಬಳಿ ಗದ್ದುಗೆಯ ಮೇಲೆ. ಮೋಟಾರಿನ ಫ್ಯಾನು ತಳದಿಂದ ಗಾಳಿ ಎಳೆಯುವಾಗ ಕಂಬಳಿಯ ಎಳೆಯನ್ನೂ ಭಂಡಾರದ ಪುಡಿಯನ್ನೂ ಎಳೆದುಕೊಂಡಿತ್ತು. ಉಸಿರು ಕಟ್ಟಿ, ಕಾದು, ಆರುತ್ತಿತ್ತು.

ಇನ್ನು ಕಂಬಳಿ ತೆಗೆಯಲೇಬೇಕಿತ್ತು; ಪೂನಮ್ ಅದರ ಅಂಚು ಮುಟ್ಟಿ ಕೈ ಹಿಂದೆಗೆದಳು. ವೈಶಾಲಿ ಅಜ್ಜಿಯ ಮುಖ ನೋಡಿದಳು. ಸುಂದರವ್ವ ತುಸು ಹೊತ್ತು ಉಣ್ಣೆಯ ಎಳೆಯನ್ನು ಹೊಸೆಯುತ್ತಲೇ ಇದ್ದಳು.

"ಅಂವಾ ಇದ್ದಾಗ ಕುರಿ ಮೂಗಿಗಿ ಉಣ್ಣೀ ಎಳಿ ಹೋದ್ರ ತಾನೇ ತಗೀತಿದ್ದ. ಉಸಿರಾಡಾಕ ಬಿಡ್ರಲೇ ಅಂತಿದ್ದ," ಎಂದಳು. ಆಮೇಲೆ ಮಗನಿಗೆ, "ಎತ್ತು ಭೀಮಶಿ. ಕಂಬಳಿ ಹೊರಗ ತಗಿ," ಎಂದಳು.

ಭೀಮಶಿ ಯಂತ್ರವನ್ನು ಎತ್ತಿಹಿಡಿದ. ವೈಶಾಲಿ ಕಂಬಳಿ ಎಳೆದು, ಝಾಡಿಸಿ, ಮಡಿಚಿ ಜಗುಲಿಯ ಮೇಲಿಟ್ಟಳು. ಪೂನಮ್ ಒಣ ಬ್ರಷ್ಷಿನಿಂದ ಮೋಟಾರಿಗೆ ಸುತ್ತಿದ ಎಳೆ ಬಿಡಿಸಿದಳು. ಒದ್ದೆ ಬಟ್ಟೆ ತರಲು ಹೋದ ಭೀಮಶಿಯನ್ನು ತಡೆದಳು. ಮುಚ್ಚಳ ಮತ್ತೆ ಬಿಗಿದಳು. ಯಂತ್ರವನ್ನು ಗಟ್ಟಿ ಸಪಾಟು ನೆಲದ ಮೇಲೆ ರಬ್ಬರ್ ಹಾಸಿ ಇರಿಸಿದಳು. ವಾಯರ್ ಜೋಡಿಸಿ ಉದ್ದ ಮಾಡಿದ್ದ ಎಕ್ಸ್‌ಟೆನ್ಶನ್ ತೆಗೆಸಿ, ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೇ ಕೊಡಿಸಿದಳು. ಯಾರೂ ಹತ್ತದೆ ನಿಧಾನಕ್ಕೆ ಓಡಿಸಿದಾಗ ಪಟ್ಟಿ ಎಡಕ್ಕೆ ಸರಿಯಿತು. ಹಿಂದಿನ ಎಡಗಡೆ ಬೋಲ್ಟನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಕಾದು ನೋಡಿದಳು. ನಡುವಿಗೆ ಬಂತು. ಭೀಮಶಿ ಇನ್ನಷ್ಟು ಬಿಗಿ ಮಾಡಲು ಕೈ ಹಾಕಿದ.

"ಬ್ಯಾಡ್ರಿ ಕಾಕಾ. ಬಾಳ ಬಿಗದ್ರ ಮೋಟಾರ್ ಹೋಗತೈತಿ. ಸಾವಕಾಶ."

ಭೀಮಶಿ ಕೈ ತೆಗೆದ. ಇನ್ನು ಪ್ರತಿ ತಿಂಗಳು ಈ ಕೆಲಸ ನಂದು, ನನಗೇ ಕಲಿಸು ಎಂದ. ಪೂನಮ್ ಅವನ ಕೈಯಲ್ಲೇ ಬ್ರಷ್ಷು ಕೊಟ್ಟಳು.

ಸುಂದರವ್ವ ಹತ್ತುವ ಮುನ್ನ ನಿರಿಗೆಯನ್ನು ಮೇಲೆತ್ತಿ ಸಿಕ್ಕಿಸಿದಳು. ಪಾದಕ್ಕೆ ಕಟ್ಟು ಬೂಟು ಹಾಕಿಸಿದರು. ಬಿದ್ದರೆ ಯಂತ್ರ ತಾನೇ ನಿಲ್ಲುವಂತೆ ಕೆಂಪು ದಾರದ ಕ್ಲಿಪ್ಪನ್ನು ವೈಶಾಲಿ ಅವಳ ಕುಬುಸಕ್ಕೆ ಸಿಕ್ಕಿಸಿದಳು. ಮೊದಲು ಪಟ್ಟಿಯ ಪಕ್ಕದ ಅಂಚಿನ ಮೇಲೆ ನಿಂತು, ಯಂತ್ರ ಚಾಲೂ ಆದ ಮೇಲೆ ಹೆಜ್ಜೆ ಇಟ್ಟಳು. ಜಗ್ಗಲಿಲ್ಲ, ಜಾರಲಿಲ್ಲ. ವಾಸನೆಯೂ ಇಲ್ಲ.

ಕುರಿದಡ್ಡಿ ದಾಟಿದರು. ಇಳಿಜಾರು, ಮರಳು, ದಂಡೆಯ ಜೊಂಡು. ವೈಶಾಲಿ ಉಸಿರು ಹಿಡಿದು ಕೇಳುತ್ತಿದ್ದಳು. ಆಗ ಸುಂದರವ್ವ ಮೆಲ್ಲಗೆ,

"ನಿಂದರಸು ಯವ್ವಾ," ಎಂದಳು. "ಇಲ್ಲಿಂದ ಮುಂದ ನೀರೈತಿ."

ವೈಶಾಲಿ ಯಂತ್ರ ನಿಲ್ಲಿಸಿದಳು. ಸುಂದರವ್ವ ಕಂಬಿ ಹಿಡಿದು, ಗೋಡೆಯನ್ನೇ ನೋಡುತ್ತ ನಿಂತಳು. ಮೈ ಬೆವರಿತ್ತು. ಪಾದ ಬೆಚ್ಚಗಾಗಿತ್ತು.

ಅಕ್ಕ, ಅಣ್ಣ, ಅವ್ವಂದಿರೇ, ನಿಮ್ಮ ಮನೆಯಲ್ಲೂ ಬಟ್ಟೆ ಒಣಹಾಕಿದ ಟ್ರೆಡ್‌ಮಿಲ್ ಇರಬಹುದು. ಅದು ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಪ್ಲಗ್ ತೆಗೆಯಿರಿ, ಸ್ವಲ್ಪ ಕಾಯಿರಿ, ಬಗ್ಗಿ ನೋಡಿರಿ. ಕೆಳಗೆ ಕಂಬಳಿ, ಚಾಪೆ, ಜಮಖಾನೆ ಇದ್ದರೆ ತೆಗೆಯಿರಿ. ತಿಂಗಳಿಗೊಮ್ಮೆ ಧೂಳು ಬಿಡಿಸಿರಿ. ಅದಕ್ಕೆ ಹೇಳಿದ ಎಣ್ಣೆಯನ್ನೇ ಹಾಕಿರಿ. ನಿಮ್ಮಿಂದಾಗದ್ದಕ್ಕೆ ಮೆಕ್ಯಾನಿಕ್ ಕರೆಸಿರಿ, ವಾಯರಿಗೆ ಮಾತ್ರ ನೀವಾಗಿ ಕೈ ಹಾಕಬೇಡಿರಿ. ಹಿರಿಯರು ಹತ್ತುವಾಗ ಪಕ್ಕದಲ್ಲಿ ನಿಲ್ಲಿರಿ. ನಿಂತವರು ಸುಮ್ಮನೆ ನಿಲ್ಲಬೇಡಿ, ಎಲ್ಲಿಯವರೆಗೆ ಬಂದಿರಿ ಎಂದು ಕೇಳಿರಿ.